ಬಾವನ ಹತ್ತು ಸಾವಿರ ಚಿಪ್ಸ್

ತುಮಕೂರಲ್ಲಿ ನಮ್ಮನೆ ಮಹಡಿ ಮೇಲೆ ಶನಿವಾರ ಶನಿವಾರ ಎಂಟು ಜನ ಸೇರಿ ಪೋಕರ್ ಟೂರ್ನಮೆಂಟ್ ಆಡ್ತೀವಿ, ದುಡ್ಡು ಕಟ್ಟಲ್ಲ, ಮೊದಲು ಔಟಾದೋರು ಭಾನುವಾರ ಬೆಳಗ್ಗೆ ಎಲ್ರಿಗೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸ್ಬೇಕು ಅಷ್ಟೇ. ಇಷ್ಟಕ್ಕೇ ನಮ್ಮಮ್ಮ ಇಸ್ಪೀಟು ಅಂತ ಮೂಗು ಮುರೀತಾರೆ.

ಯಾರ ಆಟ ಎಂಥದ್ದು ಅಂತ ದಿನಾ ಜಗಳ, ಅದಕ್ಕೇ ಲೆಕ್ಕ ಇಡೋಕೆ ಶುರು ಮಾಡ್ದೆ. ತಲಾ 10,000 ಚಿಪ್ಸ್ (ದುಡ್ಡಿನ ಬದಲು ಆಡೋ ಬಿಲ್ಲೆ), ಬ್ಲೈಂಡ್ಸ್ ಅಂದ್ರೆ ಎಲೆ ನೋಡೋಕೆ ಮುಂಚೆನೇ ಇಬ್ರು ಸರದಿ ಪ್ರಕಾರ ಹಾಕ್ಲೇಬೇಕಾದ ಸಣ್ಣ, ದೊಡ್ಡ (ಬಿಗ್) ಬೆಟ್, ಅದು 50/100ರಿಂದ ಶುರುವಾಗಿ 20 ನಿಮಿಷಕ್ಕೊಂದ್ಸಲ ಏರುತ್ತೆ, ಆ 20 ನಿಮಿಷದ ಲೆವೆಲ್ ಮುಗಿದಾಗೆಲ್ಲ ಎಲ್ರ ಚಿಪ್ಸ್ ಫೋಟೋ ಹೊಡ್ಕೊಂಡು ಆಮೇಲೆ ಎಕ್ಸೆಲ್‌ಗೆ ಹಾಕೋದು. ಒಟ್ಟು 80,000 ಬರ್ಬೇಕು, ಸಣ್ಣ ಚಿಪ್ಸ್ ತೆಗೆದು ದೊಡ್ಡದು ಕೊಡೋವಾಗ ಐವತ್ತು ಆಚೀಚೆ ಆದ್ರೂ ಪರವಾಗಿಲ್ಲ. ಒಂದಿನ 79,500 ಬಂತು, ಮೂರು ಸಲ ಎಣಿಸಿ ತಲೆ ಕೆಟ್ಟೋಯ್ತು, ಫೋಟೋ ಜೂಮ್ ಮಾಡಿದ್ರೆ ಬಾವನ ಕಳ್ಳೆಪುರಿ ತಟ್ಟೆ ಕೆಳಗಿಂದ ಒಂದು ನೇರಳೆ 500 ಇಣುಕ್ತಾ ಇತ್ತು.

ಮೊದ್ಲು ಬರೀ ಚಿಪ್ಸ್ ಸಂಖ್ಯೆಗೇ ಗ್ರಾಫ್ ಹಾಕಿದ್ದು ನನ್ನ ತಪ್ಪು. ಒಳ್ಳೆ ಎಲೆ ಬರೋವರ್ಗೂ ಕಾಯೋ ಬಾವನ ಗೆರೆ ಹತ್ತು ಸಾವಿರದ ಆಸುಪಾಸಲ್ಲೇ ನೆಟ್ಟಗಿತ್ತು, "ನಾನೇನೂ ಕಳ್ಕೊಂಡಿಲ್ವಲ್ಲೋ" ಅಂತ ಬೀಗ್ತಿದ್ರು. ಅದನ್ನೇ ಬಿಗ್ ಬ್ಲೈಂಡ್‌ನಿಂದ ಭಾಗಿಸಿ ತೋರಿಸ್ದೆ, ಶುರುವಲ್ಲಿ 100 ಬಿಗ್ ಬ್ಲೈಂಡ್ ಇದ್ದಿದ್ದು 500/1000 ಲೆವೆಲ್ ಬರೋ ಹೊತ್ತಿಗೆ ಬರೀ 10. ಆದ್ರೆ ಹಂಗೆ ಭಾಗಿಸಿದ್ರೆ ಎಲ್ರ ಗೆರೆನೂ ಇಳಿಯುತ್ತೆ, ಹೋಲಿಕೆಗೆ ಸರಾಸರಿ ಬೇಕು. ನಾಲ್ಕು ಜನ ಉಳಿದಾಗ ಸರಾಸರಿ 20,000, ಬಾವ ಅದರಲ್ಲಿ ಅರ್ಧ.

ಮೊಬೈಲ್ ಅಂಗಡಿ ಇಟ್ಟಿರೋ ಫ್ರೆಂಡ್‌ದು ಗರಗಸದ ಹಲ್ಲು, 18,000, ಆಮೇಲೆ 7,000, ಮತ್ತೆ 24,000. ನಂದೂ ಹೆಚ್ಚುಕಮ್ಮಿ ಹಂಗೇ ಇತ್ತು, ಸೋ ಇಬ್ರದೂ ಒಂದೇ ಸ್ಟೈಲ್ ಅಂದ್ಕೊಂಡೆ. ಡೌಟ್ ಬಂದು ಎಲೆ ತೋರಿಸದೇ ಗೆದ್ದ ಆಟ ಎಷ್ಟು ಅಂತ ಇನ್ನೊಂದು ಕಾಲಂ ಸೇರಿಸ್ದಾಗಲೇ ನಿಜ ಹೊರಬಂದಿದ್ದು. ಅವನು ಮೇಲೇರೋದೆಲ್ಲ ಬೆಟ್ ಹಾಕಿ ಎದುರಾಳಿನ ಓಡಿಸೇ. ನಾನು ಏರಿದ್ದು ಜೋಡಿ ಒಂಬತ್ತು ಹಿಡ್ಕೊಂಡು ಎಕ್ಕ-ರಾಜನ ಎದುರು ಆಲ್‌ಇನ್ ಹೋದಂಥ, ಅಂದ್ರೆ ಇರೋ ಚಿಪ್ಸೆಲ್ಲ ಒಂದೇ ಸಲ ಹಾಕಿದಂಥ ಆಟಗಳಲ್ಲಿ, ಅದು ಸುಮಾರು 55-45, ನಾಣ್ಯ ಚಿಮ್ಮಿದಂಗೆ. ಮಿಕ್ಕ ಹೊತ್ತೆಲ್ಲ ಬ್ಲೈಂಡ್ ಕಾಪಾಡ್ಕೋತೀನಿ ಅಂತ ಎದುರಾಳಿ ಬೆಟ್‌ಗೆ ಸರಿಸಮ ಹಾಕಿ ಕಾಲ್ ಮಾಡೋದು, ಫ್ಲಾಪ್ (ಮೇಜಿನ ಮೇಲೆ ಬಿಚ್ಚೋ ಮೊದಲ ಮೂರು ಎಲೆ) ನೋಡಿ ಕೈಲಿರೋ ಎಲೆ ಎಸೆಯೋದು, ಹಿಂಗೇ ಸೋರಿಹೋಗ್ತಿತ್ತು.

ಹೋದ ಶನಿವಾರ ಆ ಕಾಲಂ ನೆನೆಸ್ಕೊಂಡು ಶುರುವಲ್ಲೇ ಬಾವನ ಮೇಲೆ ಆಲ್‌ಇನ್ ಬ್ಲಫ್ ಹೊಡೆದೆ. ಅವರ ಕೈಲಿ ಜೋಡಿ ಎಕ್ಕ. ಇಡ್ಲಿ ಬಿಲ್ ನಂದೇ.