ಉಬ್ಬೋ ತಗ್ಗೋ: ದೋಷ ನಾಣ್ಯವನ್ನು ನಾನು ಗುರುತಿಸುವ ಬಗೆ

ವಿಚಿತ್ರವಾಗಿ ಕಾಣುವ ನಾಣ್ಯವೊಂದು ಕೈಗೆ ಬಂದರೆ ಅದು ಎಷ್ಟು ಅಪರೂಪದ್ದು ಎಂಬ ಲೆಕ್ಕಕ್ಕೆ ನಾನು ಕೂಡಲೇ ಇಳಿಯುವುದಿಲ್ಲ. ಈ ಗುರುತು ಲೋಹದ ಮೇಲೆ ಯಾವಾಗ ಬಿತ್ತು ಎಂದು ಕೇಳಿಕೊಳ್ಳುತ್ತೇನೆ. ಬಿಲ್ಲೆ (ಇನ್ನೂ ಮುದ್ರೆ ಬೀಳದ ಖಾಲಿ ಲೋಹದ ತುಂಡು) ತಯಾರಾಗುವಾಗಲೋ, ಅಚ್ಚಿನಲ್ಲೇ ಇತ್ತೋ, ಅಚ್ಚು ಬಡಿಯುವಾಗಲೋ ಅಥವಾ ಟಂಕಸಾಲೆಯಿಂದ ಹೊರಬಿದ್ದ ಮೇಲೋ? ಕೊನೆಯದಾದರೆ ಅದು ಎರರ್ (ಟಂಕಸಾಲೆಯಲ್ಲೇ ಆದ ದೋಷ) ಅಲ್ಲ, ಗಾಯ. ಎರರ್ ಎಂದು ನನಗೆ ತೋರಿಸಲು ತಂದ ನಾಣ್ಯಗಳಲ್ಲಿ ಬಹುಪಾಲು ಗಾಯಾಳುಗಳೇ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಓರೆಯಾಗಿ ಬೀಳುವ ಒಂದೇ ದೀಪ, ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ ಇದ್ದರೆ ಸಾಕು. ಕಣ್ಣು ಉಬ್ಬನ್ನು ತಗ್ಗೆಂದು, ತಗ್ಗನ್ನು ಉಬ್ಬೆಂದು ಸುಲಭವಾಗಿ ಮೋಸಹೋಗುತ್ತದೆ. ಹಾಗಾಗಿ ಅದೇ ನಾಣ್ಯದ ಅಕ್ಷರವೊಂದರ ನೆರಳು ಯಾವ ಕಡೆ ಬೀಳುತ್ತಿದೆ ಎಂದು ನೋಡಿ, ಗುರುತಿನ ನೆರಳನ್ನು ಅದಕ್ಕೆ ಹೋಲಿಸುತ್ತೇನೆ.

ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ಏರುತ್ತದೆ, ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಗೀರಾದರೆ ತಗ್ಗಾಗಿರುತ್ತದೆ, ಪಕ್ಕದಲ್ಲಿ ಒತ್ತರಿಸಿದ ಲೋಹದ ಏರಿ ಕಾಣುತ್ತದೆ. ಉಬ್ಬಿದ್ದೆಲ್ಲ ಬೆಲೆಯುಳ್ಳದ್ದು ಎಂದಲ್ಲ. ಅಚ್ಚನ್ನು ಉಜ್ಜಿ ನಯಗೊಳಿಸಿದಾಗ ಉಳಿಯುವ ಸಮಾನಾಂತರ ಸಣ್ಣ ಗೆರೆಗಳೂ ಉಬ್ಬಿರುತ್ತವೆ. ಅವು ಚಿತ್ರ, ಅಕ್ಷರಗಳಿಲ್ಲದ ಬಯಲಿನಲ್ಲಿ ಓಡಿ ಅಕ್ಷರದ ಬುಡದಲ್ಲಿ ನಿಂತುಬಿಡುತ್ತವೆ. ತಾಮ್ರದ ಲೇಪವಿರುವ ಸತುವಿನ ನಾಣ್ಯಗಳ ಗುಳ್ಳೆಗಳೂ ಅಷ್ಟೇ. ಟಂಕಸಾಲೆಯಲ್ಲೇ ಹುಟ್ಟಿದವು, ಆದರೆ ಮಾಮೂಲು.

ಹೆಚ್ಚು ಜಗಳವಾಗುವುದು ಒಂದೇ ಅಕ್ಷರ ಎರಡೆರಡಾಗಿ ಕಾಣುವ ನಾಣ್ಯಗಳ ವಿಷಯದಲ್ಲಿ. 1955ರ ಅಮೆರಿಕದ ಒಂದು ಸೆಂಟ್ ನಾಣ್ಯ ಪ್ರಸಿದ್ಧ. ಅದರ ಅಚ್ಚನ್ನು ತಯಾರಿಸುವಾಗಲೇ ಮೂಲಮಾದರಿಯನ್ನು ಎರಡನೆಯ ಸಲ ಸ್ವಲ್ಪ ತಿರುಗಿದ ಸ್ಥಿತಿಯಲ್ಲಿ ಒತ್ತಲಾಗಿತ್ತು. ಇಂಥವುಗಳಲ್ಲಿ ಎರಡೂ ಅಕ್ಷರಗಳು ದುಂಡಗೆ ತುಂಬಿಕೊಂಡಿರುತ್ತವೆ, ಒಟ್ಟು ಅಗಲ ಹೆಚ್ಚುತ್ತದೆ, ಮೂಲೆಗಳಲ್ಲಿ ಕಚ್ಚು ಕಾಣುತ್ತದೆ. ಬಡಿದ ನಂತರ ಸಡಿಲ ಅಚ್ಚು ಅದುರಿ ಆಗುವ ಜೋಡಿತನ ಬೇರೆ. ಅದು ಆಗಲೇ ಮೂಡಿದ ಅಕ್ಷರದ ಅಂಚನ್ನು ತುಳಿದು ಚಪ್ಪಟೆ ಮೆಟ್ಟಿಲು ಮಾಡುತ್ತದೆ. ಅಕ್ಷರ ಅಗಲವಾಗುವ ಬದಲು ಕಿರಿದಾಗುತ್ತದೆ. ಈ ಬಗೆಯದಕ್ಕೆ ಹೆಚ್ಚು ಹಣ ಕೇಳಿದರೆ ನಾನು ಚರ್ಚೆಗೇ ನಿಲ್ಲುವುದಿಲ್ಲ.

ನಾಣ್ಯ ಎಲ್ಲಿ ಮುದ್ರಣವಾಯಿತು ಎಂದು ತಿಳಿಸುವ ಟಂಕಸಾಲೆ ಗುರುತು ಇಲ್ಲ ಎಂಬುದೊಂದೇ ದೋಷಕ್ಕೆ ಸಾಕ್ಷಿಯಲ್ಲ. ಕೋಲ್ಕತ್ತದ ನಾಣ್ಯಗಳಿಗೆ ಗುರುತಿಲ್ಲ. ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ ಇದೆ. ಆದರೆ 1922ರಲ್ಲಿ ಅಮೆರಿಕದ ಸೆಂಟ್ ಮುದ್ರಣವಾದದ್ದು ಡೆನ್ವರ್‌ನಲ್ಲಿ ಮಾತ್ರ. ಆ ವರ್ಷದ ನಾಣ್ಯದಲ್ಲಿ ಡೆನ್ವರ್‌ನ ಗುರುತಾದ ‘ಡಿ’ ಇಲ್ಲದಿದ್ದರೆ ನೋಡಲೇಬೇಕು. ಎರಡು ಮುಖಗಳ ದಿಕ್ಕೂ ಹಾಗೆಯೇ. ಅಮೆರಿಕದ ನಾಣ್ಯವನ್ನು ಪಕ್ಕಕ್ಕೆ ಮಗುಚಿದರೆ ಹಿಂಬದಿ ತಲೆಕೆಳಗಾಗಿರುವುದು ಸಹಜ, ಯೂರೋದಲ್ಲಾದರೆ ಅಲ್ಲ.

ಅಂಚಿನಲ್ಲಿ ಬಾಗಿದ ತುಂಡು ಹೋಗಿದ್ದರೆ ನಾನು ಅದರ ಎದುರು ಬದಿಯನ್ನು ನೋಡುತ್ತೇನೆ. ಬಿಲ್ಲೆಗೆ ಅಂಚು ಕಟ್ಟುವಾಗ ಕೊರತೆಯ ಎದುರಿಗೆ ಒತ್ತಡ ಸಿಗದ ಕಾರಣ, ನಿಜವಾದ ದೋಷದಲ್ಲಿ ಅಲ್ಲಿಯ ಅಂಚು ಸಾಮಾನ್ಯವಾಗಿ ಮಂಕಾಗಿರುತ್ತದೆ. ಕತ್ತರಿಸಿ ಮಾಡಿದ್ದರಲ್ಲಿ ಅದು ಗಟ್ಟಿಯಾಗಿ ನಿಂತಿರುತ್ತದೆ.

ತೀರಾ ದೊಡ್ಡ ಹೆಸರು ಹೇಳಿ ತಂದ ನಾಣ್ಯಕ್ಕೆ ಮೊದಲು ಅಯಸ್ಕಾಂತ. 1943ರ ಅಮೆರಿಕದ ಸೆಂಟ್‌ಗಳು ಉಕ್ಕಿನವು, ತೂಕ ಸುಮಾರು 2.7 ಗ್ರಾಂ. ತಪ್ಪಿ ಕಂಚಿನ ಬಿಲ್ಲೆಯ ಮೇಲೆ ಮುದ್ರಿತವಾದ ಕೆಲವೇ ನಾಣ್ಯಗಳು ಸುಮಾರು 3.11 ಗ್ರಾಂ ತೂಗುತ್ತವೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಉಕ್ಕಿಗೆ ತಾಮ್ರ ಬಳಿದದ್ದು ಅಲ್ಲೇ ಸಿಕ್ಕಿಬೀಳುತ್ತದೆ. 1948ರ ಸೆಂಟಿನ ಕೊನೆಯ ಎಂಟನ್ನು ಹೆರೆದು ಮೂರಾಗಿಸಿದ್ದು ಮಾತ್ರ ತೂಕದಲ್ಲೂ ಪಾಸಾಗುತ್ತದೆ. ಅಂಥದ್ದಕ್ಕೆ ಭೂತಗನ್ನಡಿ ಹಿಡಿದು ಮೂರರ ಬಾಲ ನೋಡುತ್ತೇನೆ: ಅಸಲಿಯಲ್ಲಿ ಅದು ಪಕ್ಕದ ಅಂಕಿಗಳ ಬುಡಕ್ಕಿಂತ ಕೆಳಗಿಳಿದಿರುತ್ತದೆ.