ಟ್ರಯಲ್ಸ್ ಸೈಕಲ್ಲಿಗೆ ಡಿಸ್ಕ್ ಬ್ರೇಕ್: ಆಯ್ಕೆ ಮತ್ತು ಜೋಡಣೆ

ಸಾಮಾನ್ಯ ಸೈಕಲ್ಲಿನ ಬ್ರೇಕ್ ವೇಗವನ್ನು ತಗ್ಗಿಸಿದರೆ ಸಾಕು. ಬಂಡೆಯಂಥ ಅಡೆತಡೆಗಳನ್ನು ಕಾಲೂರದೆ ದಾಟುವ ಆಟಕ್ಕೆ ಬಳಸುವ ಟ್ರಯಲ್ಸ್ ಸೈಕಲ್ಲಿನ ಬ್ರೇಕ್ ಹಾಗಲ್ಲ. ಸವಾರನು ಹಿಂಚಕ್ರವೊಂದರ ಮೇಲೆಯೇ ನಿಂತು ಬಂಡೆಯ ಅಂಚಿನಲ್ಲಿ ಕುಪ್ಪಳಿಸುವಾಗ ಅದು ಚಕ್ರವನ್ನು ಕೂದಲೆಳೆಯಷ್ಟೂ ಜಾರಗೊಡದೆ ಹಿಡಿದು ನಿಲ್ಲಿಸಬೇಕು, ಮರುಕ್ಷಣವೇ ಪೂರ್ತಿಯಾಗಿ ಬಿಟ್ಟುಕೊಡಲೂ ಬೇಕು. ಮೌಂಟನ್ ಬೈಕ್ ಬ್ರೇಕುಗಳ ಜಾಹೀರಾತಿನಲ್ಲಿ ಕೊಂಡಾಡುವ ಶಾಖ ಹೊರಹಾಕುವ ಸಾಮರ್ಥ್ಯ ನಮಗೆ ಅಷ್ಟಾಗಿ ಉಪಯೋಗಕ್ಕೆ ಬಾರದು, ಏಕೆಂದರೆ ಟ್ರಯಲ್ಸ್‌ನಲ್ಲಿ ರೋಟರ್, ಅಂದರೆ ಹಬ್ಬಿನೊಡನೆ ತಿರುಗುವ ಬ್ರೇಕಿನ ತಟ್ಟೆ, ಬಿಸಿಯಾಗುವುದೇ ಅಪರೂಪ. ನಮಗೆ ಬೇಕಾದದ್ದು ಹಿಡಿತ, ಮತ್ತು ಆ ಹಿಡಿತವನ್ನು ಸೋರಿಹೋಗಲು ಬಿಡದ ಬಿಗಿಯಾದ ಜೋಡಣೆ.

ಡಿಸ್ಕಿಗೆ ಇರುವ ಸಹಜ ಅನನುಕೂಲವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. 26 ಇಂಚಿನ ಚಕ್ರದಲ್ಲಿ ರಿಮ್ ಬ್ರೇಕ್ ಅಕ್ಷದಿಂದ ಸುಮಾರು 275 ಮಿ.ಮೀ. ದೂರದಲ್ಲಿ ಹಿಡಿಯುತ್ತದೆ; 160 ಮಿ.ಮೀ. ವ್ಯಾಸದ ರೋಟರಿನಲ್ಲಿ ಪ್ಯಾಡ್ (ರೋಟರನ್ನು ಒತ್ತಿ ಹಿಡಿಯುವ ಬಿಲ್ಲೆ) ಹಿಡಿಯುವುದು ಸುಮಾರು 70 ಮಿ.ಮೀ. ದೂರದಲ್ಲಿ. ಅಂದರೆ ಅದೇ ತಡೆಗೆ ಡಿಸ್ಕ್ ಸುಮಾರು ನಾಲ್ಕು ಪಟ್ಟು ಬಲದಿಂದ ಹಿಡಿಯಬೇಕಾಗುತ್ತದೆ. ಈ ಕಾರಣದಿಂದಲೇ ಮುಂದೆ ಡಿಸ್ಕ್, ಹಿಂದೆ ಮಗುರಾ ಎಚ್‌ಎಸ್33 ಬಗೆಯ ಹೈಡ್ರಾಲಿಕ್ ರಿಮ್ ಬ್ರೇಕ್ ಎಂಬ ಹೊಂದಾಣಿಕೆ ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ ರಿಮ್ ಬ್ರೇಕ್ ಚೆನ್ನಾಗಿ ಕಚ್ಚಬೇಕಾದರೆ ಗ್ರೈಂಡರಿನಿಂದ ರಿಮ್ಮನ್ನು ಒರಟು ಮಾಡಬೇಕು, ಆ ಒರಟು ಸವೆದಾಗ ಮತ್ತೆ ಮಾಡಬೇಕು, ಅದರ ಕಿರುಚಾಟವನ್ನು ಅಪಾರ್ಟ್‌ಮೆಂಟಿನವರೆಲ್ಲ ಸಹಿಸಿಕೊಳ್ಳಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಸಂಜೆ ಮಳೆ ಬೀಳುವುದೋ ಹೇಳಲಾಗದ ಬೆಂಗಳೂರಿನಲ್ಲಿ, ಫ್ರೇಮಿನಲ್ಲಿ ಡಿಸ್ಕ್ ಮೌಂಟ್ (ಬ್ರೇಕನ್ನು ಬೋಲ್ಟಿನಿಂದ ಕೂರಿಸುವ ಜಾಗ) ಇದ್ದರೆ ಎರಡೂ ಕಡೆ ಡಿಸ್ಕನ್ನೇ ಹಾಕಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮೌಂಟ್ ಇಲ್ಲದ ಫ್ರೇಮಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಮೌಂಟ್ ಕೂರಿಸುವ ಸಾಹಸಕ್ಕೆ ಮಾತ್ರ ಯಾರೂ ಇಳಿಯಬಾರದು.

ಕೊಳ್ಳುವ ಮುನ್ನ ಫ್ರೇಮ್ ಮತ್ತು ಫೋರ್ಕಿನ ಮೌಂಟನ್ನು ಅಳೆದುಕೊಳ್ಳಬೇಕು. ಎರಡು ರಂಧ್ರಗಳ ನಡುವೆ 51 ಮಿ.ಮೀ. ಇದ್ದರೆ ಅದು ಐಎಸ್ ಮೌಂಟ್, 74 ಮಿ.ಮೀ. ಇದ್ದರೆ ಪೋಸ್ಟ್ ಮೌಂಟ್; ಒಂದರಿಂದ ಇನ್ನೊಂದಕ್ಕೆ ಅಡಾಪ್ಟರ್ ಸಿಗುತ್ತದೆ. ಹಬ್ ಡಿಸ್ಕಿನದೇ ಆಗಿರಬೇಕು, ಕಡ್ಡಿಗಳು ಒಂದನ್ನೊಂದು ದಾಟುವಂತೆ ಹೆಣೆದಿರಬೇಕು. ನೇರವಾಗಿ ಹೆಣೆದ ಚಕ್ರ ಡಿಸ್ಕಿನ ತಿರುಚುವ ಬಲವನ್ನು ತಾಳುವುದಿಲ್ಲ.

ರೋಟರಿನ ವಿಷಯಕ್ಕೆ ಬಂದರೆ, 20 ಇಂಚಿನ ಸೈಕಲ್ಲಿಗೆ 160 ಮಿ.ಮೀ. ಸಾಕು. 24 ಮತ್ತು 26 ಇಂಚಿನವಕ್ಕೆ ಫೋರ್ಕ್ ತಯಾರಕರು ಒಪ್ಪಿದ್ದರೆ ಮುಂದೆ 180 ಮಿ.ಮೀ. ಹಾಕಬಹುದು. ಅದಕ್ಕಿಂತ ದೊಡ್ಡದು ಬಲ ಕೊಟ್ಟರೂ ಬಂಡೆಗೆ ಬಡಿದು ಬಾಗುವ ಸಾಧ್ಯತೆ ಹೆಚ್ಚು. ತುರಹಳ್ಳಿ ಕಡೆಯ ಬಂಡೆಗಳ ಒರಟು ಅಂಚಿಗೆ ತಗುಲಿದ ರೋಟರ್ ಮತ್ತೆ ನೆಟ್ಟಗಾಗುವುದು ಕಷ್ಟ. ಅಲ್ಯೂಮಿನಿಯಮ್ ನಡುಭಾಗಕ್ಕೆ ರಿವೆಟ್ಟುಗಳಿಂದ ಸೇರಿಸಿದ ಎರಡು ತುಂಡಿನ ರೋಟರುಗಳು ನೋಡಲು ಚೆನ್ನ, ಆದರೆ ರಿವೆಟ್ಟಿನ ಬಳಿ ಕೊಂಚ ಸಡಿಲವಾದರೂ ಕುಪ್ಪಳಿಸುವಾಗ ಚಕ್ರ ಕಟಕಟ ಎನ್ನುತ್ತದೆ. ಒಂದೇ ಉಕ್ಕಿನ ತಗಡಿನಿಂದ ಕತ್ತರಿಸಿದ, ದೊಡ್ಡ ರಂಧ್ರಗಳಿಲ್ಲದ ಸರಳ ರೋಟರ್ ಈ ಕೆಲಸಕ್ಕೆ ಲೇಸು.

ಹೈಡ್ರಾಲಿಕ್ ಬ್ರೇಕುಗಳಲ್ಲಿ ಯಾವ ದ್ರವ ಬಳಕೆಯಾಗುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ಶಿಮಾನೊ ಮತ್ತು ಮಗುರಾ ಬ್ರೇಕುಗಳಿಗೆ ಮಿನರಲ್ ಆಯಿಲ್, ಟ್ರಯಲ್ಸ್‌ಗೆಂದೇ ಲಿವರ್ ಮಾಡುವ ಹೋಪ್ ಕಂಪನಿಯ ಬ್ರೇಕಿಗೆ ಡಾಟ್ ದ್ರವ. ಡಾಟ್ 4 ಜೆ.ಸಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ದೊರೆಯುತ್ತದೆ, ಏಕೆಂದರೆ ಮೋಟಾರ್ ಬೈಕುಗಳಿಗೂ ಅದೇ ಬೇಕು. ಮಿನರಲ್ ಆಯಿಲ್ಲಿಗೆ ಸೈಕಲ್ ಅಂಗಡಿಯನ್ನೇ ಹುಡುಕಬೇಕು. ಆದರೆ ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಫ್ರೇಮಿನ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಕೀಳುತ್ತದೆ. ಒಂದರ ಬದಲು ಇನ್ನೊಂದನ್ನು ಸುರಿದರೆ ಒಳಗಿನ ಸೀಲುಗಳು ಉಬ್ಬಿ ಬ್ರೇಕ್ ಹಾಳಾಗುತ್ತದೆ. "ಎಲ್ಲಾ ಒಂದೇ ಸಾರ್" ಎನ್ನುವ ಮೆಕ್ಯಾನಿಕ್ಕಿನ ಮಾತಿಗೆ ತಲೆಯಾಡಿಸಬೇಡಿ. ಹಣ ಕಡಿಮೆಯಿದ್ದರೆ ಕೇಬಲ್ಲಿನ ಬ್ರೇಕುಗಳಲ್ಲಿ ಅವಿಡ್ ಬಿಬಿ7 ಈಗಲೂ ನಂಬಬಹುದಾದದ್ದು. ಅದರ ಮೌಂಟನ್ ಬೈಕ್ ಮಾದರಿಗೆ ವಿ-ಬ್ರೇಕ್ ಲಿವರನ್ನೇ ಜೋಡಿಸಬೇಕು, ಒತ್ತಿದರೆ ಕುಗ್ಗದ ಹೊರಕವಚದ ಕೇಬಲ್ ಹಾಕಬೇಕು. ಇಲ್ಲವಾದರೆ ಬೆರಳಿನ ಬಲವೆಲ್ಲ ಕವಚವನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ.

ಪ್ಯಾಡುಗಳಲ್ಲಿ ರೆಸಿನ್ ಬಗೆಯವು ತಣ್ಣಗಿರುವಾಗಲೇ ಚೆನ್ನಾಗಿ ಕಚ್ಚುತ್ತವೆ, ಆದುದರಿಂದ ಮೊದಲ ಆಯ್ಕೆ ಅವೇ. ಲೋಹದ ಸಿಂಟರ್ಡ್ ಪ್ಯಾಡುಗಳು ಕೆಸರಿನಲ್ಲಿ ನಿಧಾನವಾಗಿ ಸವೆಯುತ್ತವೆ. ಆದರೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿರುವ ರೋಟರಿಗೆ ಅವನ್ನು ಹಾಕುವಂತಿಲ್ಲ.

ಜೋಡಣೆ ಆರಂಭಿಸುವಾಗ ಮೌಂಟಿನ ಮುಖದ ಮೇಲೆ ಬಣ್ಣ ಹೆಪ್ಪುಗಟ್ಟಿದೆಯೇ ನೋಡಬೇಕು. ಪೌಡರ್ ಕೋಟಿಂಗ್ ಒಂದು ಕಡೆ ದಪ್ಪವಾಗಿದ್ದರೆ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದಿರುವ ಬ್ರೇಕಿನ ಭಾಗ) ವಾಲಿ ಕೂರುತ್ತದೆ, ಆಮೇಲೆ ಎಷ್ಟು ಸರಿಹೊಂದಿಸಿದರೂ ಪ್ಯಾಡ್ ಓರೆಯಾಗಿಯೇ ಸವೆಯುತ್ತದೆ. ರೋಟರನ್ನು ಅದರ ಮೇಲಿನ ಬಾಣದ ಗುರುತಿನ ದಿಕ್ಕಿಗೆ ಇಟ್ಟು, ಆರು ಬೋಲ್ಟುಗಳನ್ನು ಟಿ25 ಕೀಲಿಯಿಂದ ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬುದು ಒಂದೊಂದು ಕಂಪನಿಗೂ ಬೇರೆಯಾದ್ದರಿಂದ ಟಾರ್ಕ್ ರೆಂಚ್ ಹಿಡಿದು ಕೈಪಿಡಿಯ ಅಂಕಿಯನ್ನೇ ಅನುಸರಿಸಬೇಕು. ರೋಟರಿನ ಮುಖವನ್ನು ಬೆರಳಿನಿಂದ ಮುಟ್ಟಬಾರದು.

ಆಮೇಲೆ ಕ್ಯಾಲಿಪರನ್ನು ನಡುವಿಗೆ ತರುವ ಕೆಲಸ. ಬೋಲ್ಟುಗಳನ್ನು ಸಡಿಲಿಸಿ, ಲಿವರನ್ನು ಬಲವಾಗಿ ಒತ್ತಿ ಹಿಡಿದು ಒಂದೊಂದು ಬೋಲ್ಟನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ ಎಂದು ಎಲ್ಲರೂ ಹೇಳುತ್ತಾರೆ; ಆದರೆ ಕೊನೆಯ ಕಾಲು ಸುತ್ತಿನಲ್ಲಿ ಬೋಲ್ಟಿನ ತಲೆಯೇ ಕ್ಯಾಲಿಪರನ್ನು ತನ್ನೊಡನೆ ತಿರುಗಿಸಿಕೊಂಡು ಹೋಗುತ್ತದೆ. ಹಾಗಾಗಿ ಹಿಂದೆ ಒಂದು ಬಿಳಿ ಕಾಗದ ಹಿಡಿದು, ಒಂದು ಕಣ್ಣು ಮುಚ್ಚಿ, ರೋಟರಿನ ಎರಡೂ ಬದಿಯಲ್ಲಿ ಬೆಳಕಿನ ಗೆರೆ ಸಮನಾಗಿ ಕಾಣುವವರೆಗೆ ಕೈಯಿಂದಲೇ ತಿದ್ದಬೇಕು. ಬಿಬಿ7ರಲ್ಲಿ ಒಂದೇ ಪ್ಯಾಡ್ ಚಲಿಸುವುದರಿಂದ ಅಲ್ಲಿ ಈ ಸಮಾನತೆ ಬೇಡ. ಚಲಿಸದ ಪ್ಯಾಡಿನ ಕಡೆ ಅಂತರ ಕಡಿಮೆ, ಚಲಿಸುವ ಕಡೆ ಹೆಚ್ಚು ಇರಬೇಕು.

ಅನಂತರ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ನೋಡಬೇಕು. ಕಟ್ ಎಂಬ ಸದ್ದು ಬಂದರೆ ಮೊದಲು ಹೆಡ್‌ಸೆಟ್ (ಫೋರ್ಕ್ ತಿರುಗುವ ಬೇರಿಂಗ್), ಆಮೇಲೆ ಹಬ್ಬಿನ ಬೇರಿಂಗ್, ಅಡಾಪ್ಟರಿನ ಬೋಲ್ಟ್, ಕೊನೆಗೆ ಕ್ಯಾಲಿಪರಿನೊಳಗೆ ಪ್ಯಾಡಿಗಿರುವ ಸಡಿಲು, ಈ ಕ್ರಮದಲ್ಲಿ ಪರೀಕ್ಷಿಸಬೇಕು. ಪ್ಯಾಡಿನ ಅಲ್ಪ ಅಲುಗಾಟ ಎಲ್ಲ ಬ್ರೇಕುಗಳಲ್ಲೂ ಇರುತ್ತದೆ. ರಸ್ತೆಯ ಸವಾರನಿಗೆ ಗೊತ್ತೇ ಆಗದ ಆ ಅಲುಗಾಟ ಹಿಂಚಕ್ರದ ಮೇಲೆ ನಿಂತವನ ಪಾದಕ್ಕೆ ಸ್ಪಷ್ಟವಾಗಿ ತಿಳಿಯುತ್ತದೆ.

ಲಿವರ್ ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ ಎಂದರ್ಥ. ಬ್ಲೀಡ್ ಮಾಡುವಾಗ, ಅಂದರೆ ಆ ಗಾಳಿಯನ್ನು ಹೊರಹಾಕುವಾಗ, ಪ್ಯಾಡುಗಳನ್ನು ತೆಗೆದು ದೂರವಿಟ್ಟು, ಅವುಗಳ ಜಾಗದಲ್ಲಿ ಬ್ಲೀಡ್ ಬ್ಲಾಕ್ ಎಂಬ ತುಂಡನ್ನು ಇಟ್ಟು, ದ್ರವದ ಕೊಳವೆಯಾದ ಹೋಸನ್ನು ಕ್ಯಾಲಿಪರಿನಿಂದ ಲಿವರಿನವರೆಗೆ ಮೆಲ್ಲಗೆ ತಟ್ಟುತ್ತ ಗುಳ್ಳೆಗಳನ್ನು ಮೇಲಕ್ಕೆ ಹತ್ತಿಸಬೇಕು. ಹೋಸ್ ಕತ್ತರಿಸಿದ ಪ್ರತಿ ಬಾರಿಯೂ ಅದರ ತುದಿಯನ್ನು ಬಿಗಿಹಿಡಿಯುವ ಉಂಗುರವಾದ ಆಲಿವ್ ಹೊಸದನ್ನೇ ಹಾಕಬೇಕು, ಹಳೆಯದನ್ನು ಮತ್ತೆ ಬಳಸುವುದು ಸಲ್ಲ.

ಲಿವರನ್ನು ತೋರುಬೆರಳಿನ ತುದಿ ಅದರ ಕೊನೆಯ ಕೊಕ್ಕೆಯ ಮೇಲೆ ಕೂರುವಷ್ಟು ಒಳಕ್ಕೆ ಸರಿಸಬೇಕು. ಕ್ಲಾಂಪನ್ನು ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗುವಷ್ಟು ಮಾತ್ರ ಬಿಗಿಯಬೇಕು.

ಹೊಸ ಪ್ಯಾಡನ್ನು ಪಳಗಿಸದೆ ಬಂಡೆ ಹತ್ತುವುದು ಅಪಾಯಕರ. ಟ್ರಯಲ್ಸ್ ಸೈಕಲ್ಲಿನ ಚಿಕ್ಕ ಗೇರಿನಲ್ಲಿ ಸಮತಟ್ಟಿನ ಮೇಲೆ ವೇಗ ಬರುವುದಿಲ್ಲವಾದ್ದರಿಂದ ವಾಹನ ಓಡಾಡದ ಇಳಿಜಾರು ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್, ಜನ ಓಡಾಡದ ಹೊತ್ತಿನಲ್ಲಿ, ಇದಕ್ಕೆ ಸೂಕ್ತ. ಒಂದೊಂದೇ ಬ್ರೇಕನ್ನು ಹಿಡಿದು, ಚಕ್ರ ಲಾಕ್ ಆಗಲು ಬಿಡದೆ, ನಡೆಯುವ ವೇಗಕ್ಕೆ ತರುವುದನ್ನು 20ರಿಂದ 30 ಬಾರಿ ಮಾಡಿದರೆ ಪ್ಯಾಡಿನ ಪದರ ರೋಟರಿಗೆ ಹತ್ತುತ್ತದೆ, ಹಿಡಿತ ಹೆಚ್ಚುತ್ತಾ ಹೋಗುವುದು ಬೆರಳಿಗೇ ತಿಳಿಯುತ್ತದೆ. ಬೇಸ್‌ಮೆಂಟಿನ ನೆಲದಲ್ಲಿ ಕಾರುಗಳಿಂದ ತೊಟ್ಟಿಕ್ಕಿದ ಆಯಿಲ್ಲಿನ ಮೇಲೆ ಚಕ್ರ ಹಾಯದಂತೆ ಎಚ್ಚರ ವಹಿಸಿ. ರೋಟರಿಗೆ ಎಣ್ಣೆ ಸೋಕಿದರೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬಹುದು, ಗ್ಯಾರೇಜಿನ ಸೀಮೆಎಣ್ಣೆ ಬಟ್ಟೆಯಿಂದಲ್ಲ. ಎಣ್ಣೆ ಕುಡಿದ ರೆಸಿನ್ ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಡುವ ಪ್ರಯೋಗಕ್ಕಿಂತ ಹೊಸದನ್ನು ಕೊಳ್ಳುವುದೇ ಅಗ್ಗ.

ಡಾಟ್ ದ್ರವವನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯ ರೂಢಿ. ಶಿಮಾನೊ ರೋಟರ್ ಹೊಸದಾಗಿದ್ದಾಗ 1.8 ಮಿ.ಮೀ. ದಪ್ಪವಿರುತ್ತದೆ, ಅದು 1.5 ಮಿ.ಮೀ.ಗೆ ಇಳಿದಾಗ, ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ, ಬದಲಿಸಬೇಕು.