ಎಂಬತ್ತೈದಲ್ಲ, ಅರವತ್ತಮೂರು ದಿನ

ಜಮೀನಿನ ವ್ಯಾಜ್ಯದಲ್ಲಿ ಅಪ್ಪನ ವಿರುದ್ಧ ಡಿಕ್ರಿಯಾಯಿತು. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ; ನಾವು ಹೋದದ್ದು 115ನೇ ದಿನ. ಕಾಲಮಿತಿ ಕಾಯ್ದೆ, 1963ರ 5ನೇ ಕಲಮಿನಡಿ ವಿಳಂಬ ಮನ್ನಾ ಕೋರಿದ ಅರ್ಜಿಯಲ್ಲಿ ಕಾರಣವೆಂದು ಇದ್ದದ್ದು ಎರಡೇ ಪದ: ‘ಅನಾರೋಗ್ಯದ ನಿಮಿತ್ತ’. ಎದುರು ಪಕ್ಷದವರು ಅದನ್ನೇ ಹಿಡಿದು ಜಗ್ಗಿದರು.

ಒಂದು ರಾತ್ರಿ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತೆ. ಮೊದಲು ಕಣ್ಣಿಗೆ ಬಿದ್ದದ್ದು ತೀರ್ಪಿನ ದೃಢೀಕೃತ ನಕಲಿನ ಹಿಂಬದಿಯ ಮೊಹರು: ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ನಡುವೆ 22 ದಿನ. ಅದೇ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಷ್ಟನ್ನೂ ಕಳೆಯಬೇಕು. ನಮ್ಮ ಲೆಕ್ಕವೇ ತಪ್ಪಿತ್ತು: ವಿಳಂಬ 85 ದಿನವಲ್ಲ, 63! ಉಳಿದ ದಿನಗಳಿಗೆ ಅಪ್ಪನ ಸೊಂಟದ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರ, ಫಿಜಿಯೋಥೆರಪಿ ರಸೀದಿಗಳು ಸಿಕ್ಕವು. ಒಂಬತ್ತು ದಿನಕ್ಕೆ ಮಾತ್ರ ಯಾವ ಚೀಟಿಯೂ ಇರಲಿಲ್ಲ; ಹಣ ಹೊಂದಿಸುತ್ತಿದ್ದೆವು ಎಂದು ಇದ್ದದ್ದನ್ನೇ ಬರೆದೆವು.

ಪ್ರತಿ ದಿನದ ವಿಳಂಬಕ್ಕೂ ವಿವರಣೆ ಬೇಕೆಂಬ ಮಾತನ್ನು ಯಾಂತ್ರಿಕವಾಗಿ ಅನ್ವಯಿಸಬಾರದೆಂದ ಸುಪ್ರೀಂ ಕೋರ್ಟಿನ 1987ರ ಕಾತಿಜಿ ತೀರ್ಪನ್ನು ವಕೀಲರು ತೋರಿಸಿದರು. (ಅಲ್ಲಿ ತಡಮಾಡಿದ್ದು ಸರ್ಕಾರ, ಅದೂ ನಾಲ್ಕೇ ದಿನ.)

ಎದುರು ಪಕ್ಷಕ್ಕೆ ಎರಡು ಸಾವಿರ ರೂಪಾಯಿ ವೆಚ್ಚ ಕೊಡಬೇಕೆಂಬ ಷರತ್ತಿನೊಂದಿಗೆ ವಿಳಂಬ ಮನ್ನಾ ಆಯಿತು. ಮೇಲ್ಮನವಿ ಈಗ ದಾಖಲಾಗಿ ಅದಕ್ಕೆ ನಂಬರ್ ಬಿದ್ದಿದೆ.